ಉಣ್ಣೆ ಹತ್ತಿಯಲ್ಲ, ಸೋಡಾ ದೂರವಿಡಿ

ಹಸಿ ಇದ್ದಾಗ ಜಿಗುಟು, ಒಣಗಿದ ಮೇಲೆ ಬೆರಳ ನಡುವೆ ಪುಡಿ. ಇಂಥ ಉಣ್ಣೆಯ ಗಂಟುಗಳನ್ನು ಈ ವರ್ಷ ಮೂರು ಮನೆಯವರು ತಂದು ನನ್ನ ಮುಂದೆ ಬಿಚ್ಚಿದರು. ಇಬ್ಬರು ಬನಹಟ್ಟಿಯವರು, ಒಬ್ಬರು ಜಮಖಂಡಿ ತಾಲ್ಲೂಕಿನ ಹಳ್ಳಿಯವರು. ಮೂರೂ ನೇಕಾರರ ಮನೆಗಳು. ಬಣ್ಣದ ಕೆಲಸ ಇವರಿಗೆ ಹೊಸದೇನಲ್ಲ. ಆದರೂ ಕೆಟ್ಟಿತು. ಏನು ಹಾಕಿದಿರಿ ಎಂದು ಕೇಳಿದರೆ ಮೂವರದೂ ಒಂದೇ ಉತ್ತರ: "ನೂಲಿಗೆ ಏನ್ ಹಾಕ್ತೀವೋ ಅದನ್ನ ಹಾಕೇವ್ರಿ."

ತಪ್ಪು ಅಲ್ಲೇ ಆಗಿದೆ. ಕುರಿ ಉಣ್ಣೆಗೆ ಬಣ್ಣ ಹಾಕಿ, ಅದನ್ನು ನೂಲದೆ, ನೇಯದೆ, ಒತ್ತಿ ಉರುಳಿಸಿ ಹಾಸು ಮಾಡಿ, ಅದರ ಮೇಲೆ ಚಿತ್ರ ಬರೆಯುವ ಆಸೆ ಈಚೆಗೆ ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ಹುಟ್ಟಿರುವುದು ನನಗೆ ಬಹಳ ಸಂತೋಷದ ಸಂಗತಿ. ಹೀಗೆ ಒತ್ತಿ ಮಾಡಿದ ಉಣ್ಣೆಗೆ ಫೆಲ್ಟ್ ಎನ್ನುತ್ತಾರೆ. ಕಾಶ್ಮೀರದ ನಮ್ದಾ ಇದೇ. ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಗೋರಿಗಳಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಚಿತ್ರದ ಫೆಲ್ಟ್‌ಗಳು ಬಣ್ಣ ಸಮೇತ ಸಿಕ್ಕಿವೆ. ಇತಿಹಾಸ ಇಷ್ಟು ಸಾಕು, ಕೆಲಸಕ್ಕೆ ಬರೋಣ.

ಯಾವ ಕುರಿ, ಯಾವ ತುಪ್ಪಟ

ಹಿಂಡು ಕಂಡಲ್ಲೆಲ್ಲ ತುಪ್ಪಟ ಕೇಳಬೇಡಿ. ಬೀಳಗಿ ಕಡೆ ಒಮ್ಮೆ ಚೀಲ ಹಿಡಿದು ಹಿಂಡಿನ ಮುಂದೆ ನಿಂತಿದ್ದೆ. ಕುರಿ ಕಾಯುವ ಹಿರಿಯರು ನನ್ನ ಚೀಲ ನೋಡಿ, "ಅಕ್ಕಾರ, ಇವು ಯಳಗ ಕುರಿ. ಇವುಕ್ಕ ಕೂದಲಾ ಐತಿ, ತುಪ್ಪಟ ಇಲ್ಲ. ಕರಿ ಕುರಿ ಇದ್ದಾರನ್ನ ಕೇಳ್ರಿ" ಎಂದರು. ಅವರು ಹೇಳಿದ್ದು ಅಕ್ಷರಶಃ ಸರಿ. ಯಳಗ, ಮಾಡಗ್ಯಾಳ ಮುಂತಾದ ತಳಿಗಳು ಮಾಂಸಕ್ಕಾಗಿ ಸಾಕುವಂಥವು. ಅವುಗಳ ಗಿಡ್ಡ, ಒರಟು ಕೂದಲನ್ನು ಎಷ್ಟು ಉರುಳಿಸಿದರೂ ಹಾಸು ಕೂಡುವುದಿಲ್ಲ. ಅವರು ಕರಿ ಕುರಿ ಎಂದದ್ದು ದಖನಿಯನ್ನು; ಕಂಬಳಿಗೆ ತುಪ್ಪಟ ಕೊಡುವ ಆ ಕುರಿಯೇ ಬೇಕು.

ದಖನಿಯಲ್ಲೂ ಮರಿಯ ಮೊದಲ ಕತ್ತರಿಯ ತುಪ್ಪಟ ಕೇಳಿ. ಅದೇ ಎಲ್ಲಕ್ಕಿಂತ ನುಣುಪು. ಹೊಟ್ಟೆ ಮತ್ತು ಬಾಲದ ಕಡೆಯ ಹಿಕ್ಕೆ ಅಂಟಿದ ಭಾಗವನ್ನು ಅಲ್ಲೇ ಕಿತ್ತು ಬಿಡಿ. ಬಣ್ಣ ಹಾಕುವುದಿದ್ದರೆ ಬಿಳಿ ಅಥವಾ ತಿಳಿ ಬೂದಿ ತುಪ್ಪಟವನ್ನು ಬೇರೆ ಆರಿಸಿಕೊಳ್ಳಬೇಕು. ಕರಿ ತುಪ್ಪಟದ ಮೇಲೆ ಯಾವ ಬಣ್ಣವೂ ಕಾಣದು. ಹಿಂಡಿನಲ್ಲಿ ಬಿಳಿ ಕಡಿಮೆ ಇರುವುದರಿಂದ ಕತ್ತರಿಸುವ ದಿನ ಎದುರಿಗೇ ನಿಂತು ಆರಿಸುವುದು ಒಳ್ಳೆಯದು. ಒಂದು ಕುರಿಯಿಂದ ಒಂದು ಸಲಕ್ಕೆ ಸಾಮಾನ್ಯವಾಗಿ ಅರ್ಧ ಕಿಲೋದೊಳಗೇ ಸಿಗುತ್ತದೆ, ಅದರಲ್ಲೂ ತೊಳೆದ ಮೇಲೆ ತೂಕ ಇಳಿಯುತ್ತದೆ.

ಇನ್ನೊಂದು ಮಾತು. ಕಂಬಳಿಗೆ ಬೇಡಿಕೆ ಕುಗ್ಗಿದ ಮೇಲೆ ಎಷ್ಟೋ ಕಡೆ ತುಪ್ಪಟ ಕತ್ತರಿಸಿದ ಕೂಲಿಯೂ ಹುಟ್ಟದೆ ಅದನ್ನು ಹೊಲದ ಬದುವಿಗೆ ಎಸೆಯುತ್ತಾರೆ. ಎಸೆಯುವುದೇ ಅಲ್ಲವೇ ಎಂದು ಪುಕ್ಕಟೆ ಕೇಳಬೇಡಿ. ಬೆಲೆ ಕೊಟ್ಟು ಒಯ್ಯಿರಿ. ಬೆಲೆ ಸಿಕ್ಕರೆ ಮುಂದಿನ ವರ್ಷವೂ ಅವರು ಕರಿ ಕುರಿ ಸಾಕುತ್ತಾರೆ, ಇಲ್ಲದಿದ್ದರೆ ಆ ಹಿಂಡೂ ಯಳಗಕ್ಕೆ ತಿರುಗುತ್ತದೆ.

ತೊಳೆಯುವುದು

ರಾತ್ರಿ ತಣ್ಣೀರಲ್ಲಿ ನೆನೆ ಹಾಕಿ. ಬೆಳಿಗ್ಗೆ ಮಣ್ಣೆಲ್ಲ ತಳಕ್ಕೆ ಇಳಿದಿರುತ್ತದೆ. ಉಗುರು ಬೆಚ್ಚಗಿನ ನೀರಿಗೆ ಅಂಟವಾಳಕಾಯಿ ರಸ ಬೆರೆಸಿ ಅದರಲ್ಲಿ ಅರ್ಧ ಗಂಟೆ ಅದ್ದಿಡಿ. ತಿಕ್ಕಬೇಡಿ, ಹಿಂಡಬೇಡಿ, ನಲ್ಲಿಯ ಕೆಳಗೆ ಹಿಡಿಯಬೇಡಿ. ಅಂಗೈಯಿಂದ ಒತ್ತಿ ಬಿಟ್ಟರೆ ಸಾಕು. ಲೋಕಾಪುರ, ಮುಧೋಳ ಸುತ್ತಮುತ್ತ ಸುಣ್ಣಕಲ್ಲಿನ ನೆಲವಿರುವುದರಿಂದ ಬೋರಿನ ನೀರು ಗಡಸು. ಅದರಲ್ಲಿ ಸಾಬೂನು ನೊರೆ ಬಿಡದೆ ಒಡೆಯುತ್ತದೆ, ಬಣ್ಣವೂ ತಿರುಗುತ್ತದೆ. ಘಟಪ್ರಭೆಯದೋ ಕೃಷ್ಣೆಯದೋ ಹೊಳೆ ನೀರು, ಇಲ್ಲವೇ ಹಿಡಿದಿಟ್ಟ ಮಳೆ ನೀರು ಒಳ್ಳೆಯದು. ನೆರಳಲ್ಲಿ ಒಣಗಿಸಿ, ಹಿಂಜಿ ಇಟ್ಟುಕೊಳ್ಳಿ.

ಸೋಡಾದ ವಿಷಯ

ಇದನ್ನು ಬಿಡಿಸಿ ಹೇಳದೆ ಮುಂದೆ ಹೋಗಲಾರೆ. ರಬಕವಿ-ಬನಹಟ್ಟಿಯ ಮನೆಗಳಲ್ಲಿ ಬಣ್ಣ ಎಂದರೆ ಹತ್ತಿ ನೂಲಿನ ಬಣ್ಣ. ನಫ್ತಾಲ್ ಬಣ್ಣಕ್ಕೆ ಕಾಸ್ಟಿಕ್ ಸೋಡಾ ಬೇಕು. ವ್ಯಾಟ್ ಬಣ್ಣಕ್ಕೆ ಕಾಸ್ಟಿಕ್ ಜೊತೆಗೆ ಹೈಡ್ರೋ ಬೇಕು. ರಿಯಾಕ್ಟಿವ್ ಬಣ್ಣಕ್ಕೆ ಸೋಡಾ ಆ್ಯಶ್ ಬೇಕು. ಸೋಡಾಗಳ ಹೆಸರು ಬೇರೆ, ಗುಣ ಒಂದೇ: ಎರಡೂ ಕ್ಷಾರ. ಹತ್ತಿ ಗಿಡದ ನಾರು, ಕ್ಷಾರವನ್ನು ಎಷ್ಟಾದರೂ ತಡೆಯುತ್ತದೆ. ಉಣ್ಣೆ ಪ್ರಾಣಿಯ ಕೂದಲು. ಅದು ಕೆರಾಟಿನ್ ಎಂಬ ಪ್ರೋಟೀನು, ನಮ್ಮ ಉಗುರಿನಲ್ಲಿ ಇರುವಂಥದ್ದೇ. ಬಿಸಿಯಾದ ಕ್ಷಾರ ಈ ಪ್ರೋಟೀನನ್ನು ಕತ್ತರಿಸಿ ಹಾಕುತ್ತದೆ. ನೂರು ಪಾಲು ನೀರಿಗೆ ಐದು ಪಾಲು ಕಾಸ್ಟಿಕ್ ಹಾಕಿ ಕುದಿಸಿದರೆ ಉಣ್ಣೆ ಕೆಲವೇ ನಿಮಿಷಗಳಲ್ಲಿ ಕರಗಿ ನೀರಾಗುತ್ತದೆ, ಹತ್ತಿ ಹಾಗೇ ಉಳಿಯುತ್ತದೆ. ಬಟ್ಟೆಯಲ್ಲಿ ಎಷ್ಟು ಉಣ್ಣೆ, ಎಷ್ಟು ಹತ್ತಿ ಎಂದು ಪ್ರಯೋಗಾಲಯದಲ್ಲಿ ಪತ್ತೆ ಮಾಡುವ ಒಂದು ಹಳೆಯ ವಿಧಾನವೇ ಇದು. ಮನೆಯಲ್ಲಿ ಇದನ್ನು ಮಾಡಿ ನೋಡಬೇಡಿ, ಕಾಸ್ಟಿಕ್ ಕಣ್ಣಿಗೆ ಹಾರಿದರೆ ಕಣ್ಣು ಹೋಗುತ್ತದೆ.

ನಾನು ಕಲಿತದ್ದೂ ಕೆಡಿಸಿಯೇ. ಮೊದಲ ಸಲ ಅರ್ಧ ಕಿಲೋ ಮರಿ ತುಪ್ಪಟ ತೊಳೆದು, ಮನೆಯಲ್ಲಿ ನೂಲಿಗೆಂದು ಇಟ್ಟಿದ್ದ ಕಾಸ್ಟಿಕ್ ನೀರಿಗೇ ಬಿಟ್ಟು ಒಲೆ ಹೊತ್ತಿಸಿದೆ. ಹತ್ತು ನಿಮಿಷಕ್ಕೆ ಕೊಳೆತ ಮೊಟ್ಟೆಯ ವಾಸನೆ ಮನೆ ತುಂಬಿತು. ಕೋಲಿನಿಂದ ಎತ್ತಲು ಹೋದರೆ ತುಪ್ಪಟವೇ ಇಲ್ಲ, ಜೋಳದ ಅಂಬಲಿಯಂಥ ಕಂದು ಲೋಳೆ ಕೋಲಿನಿಂದ ಎಳೆಎಳೆಯಾಗಿ ಇಳಿಯಿತು. ನೂಲಿಗೆ ಬಣ್ಣ ಹಾಕುವುದರಲ್ಲೇ ಕೈ ಸವೆಸಿದ ನಮ್ಮ ದೊಡ್ಡವ್ವ ಬಾಗಿಲಲ್ಲಿ ನಿಂತು, "ಕೂದಲಕ್ಕ ಯಾರರ ಕಾಸ್ಟಿಕ್ ಹಾಕ್ತಾರೇನ ಹುಚ್ಚಿ" ಎಂದಳು. ಅವಳಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ರೇಷ್ಮೆ ಎಳೆಗೆ ನಫ್ತಾಲ್ ಹಾಕಬಾರದೆಂಬುದು ಗೊತ್ತಿತ್ತು. ರೇಷ್ಮೆಯೂ ಪ್ರಾಣಿಯಿಂದ ಬಂದ ಪ್ರೋಟೀನೇ. ಇಳಕಲ್ ಸೀರೆಯ ಹತ್ತಿ ಒಡಲಿಗೆ ಒಂದು ಬಣ್ಣದ ಕ್ರಮ, ರೇಷ್ಮೆ ಸೆರಗಿಗೆ ಇನ್ನೊಂದು ಕ್ರಮ ಏಕೆ ಎಂದು ನೆನಪಿಸಿಕೊಂಡರೆ ಈ ಮಾತು ನೇಕಾರರಿಗೆ ತಟ್ಟನೆ ಹೊಳೆಯುತ್ತದೆ.

"ಕಾಸ್ಟಿಕ್ ಬೇಡ ಸರಿ, ಬಟ್ಟೆ ತೊಳೆಯುವ ಸೋಡಾ ಒಂದು ಚಮಚ ಹಾಕಬಹುದಲ್ಲ" ಎಂದು ಕೇಳುವವರಿದ್ದಾರೆ. ಬೇಡ. ಬಿಸಿ ನೀರಲ್ಲಿ ಅದೂ ಉಣ್ಣೆಯನ್ನು ಹಳದಿಗೆ ತಿರುಗಿಸುತ್ತದೆ, ಎಳೆಯ ಕಸುವು ಕಳೆಯುತ್ತದೆ. ಬೂದಿ ನೀರೂ ಬೇಡ, ಸುಣ್ಣದ ತಿಳಿಯೂ ಬೇಡ. ಪುಡಿ ಸಾಬೂನುಗಳಲ್ಲೂ ಸೋಡಾ ಇರುತ್ತದೆ. ಉಣ್ಣೆಗೆ ಬೇಕಾದದ್ದು ಹುಳಿ. ಪೇಟೆಯ ಬಣ್ಣವೇ ಬೇಕೆಂದಿದ್ದರೆ ಅಂಗಡಿಯಲ್ಲಿ ಆ್ಯಸಿಡ್ ಬಣ್ಣ ಎಂದು ಕೇಳಿ. ಅದಕ್ಕೆ ವಿನೆಗರ್ ಸಾಕು.

ಬಣ್ಣ ಹಿಡಿಸುವುದು

ಮನೆಯ ಸುತ್ತಲಿನ ಬಣ್ಣದಿಂದಲೇ ಶುರು ಮಾಡಿ. 100 ಗ್ರಾಂ ಒಣ ತುಪ್ಪಟದ ಲೆಕ್ಕ ಹೇಳುತ್ತೇನೆ. 12 ಗ್ರಾಂ ಪಟಿಕವನ್ನು, ನಮ್ಮ ಕಡೆ ತುರಟಿ ಎನ್ನುವುದನ್ನು, ಬಿಸಿ ನೀರಲ್ಲಿ ಕರಗಿಸಿ. ಅದಕ್ಕೆ ಸೋಸಿದ ತೆಳು ಹುಣಸೆ ನೀರು ಒಂದು ವಾಟಿ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಉಣ್ಣೆಯನ್ನು ಮೃದುವಾಗಿ ಇಡುತ್ತದೆ. ತಿಳಿ ಹಳದಿ ಬೇಕಾದರೆ ಹುಣಸೆ ಬಿಟ್ಟು ಲಿಂಬೆ ಹಿಂಡಿ, ಇಲ್ಲದಿದ್ದರೆ ಬಣ್ಣ ಕಂದಿಗೆ ಎಳೆದೀತು. ತುಪ್ಪಟವನ್ನು ಮೊದಲೇ ಬೆಚ್ಚಗಿನ ನೀರಲ್ಲಿ ನೆನೆಸಿ ಇದರೊಳಗೆ ಇಳಿಬಿಡಿ. ಒಲೆ ಸಣ್ಣಗಿರಲಿ. ಒಂದು ಗಂಟೆ ತೆಗೆದುಕೊಂಡು ಬಿಸಿ ಏರಬೇಕು, ಇನ್ನೊಂದು ಗಂಟೆ ಹಬೆಯಾಡಬೇಕು. ಹಬೆ ಏಳಲಿ, ಗುಳ್ಳೆ ಏಳಬಾರದು. ಒಲೆ ಆರಿಸಿ ರಾತ್ರಿಯಿಡೀ ಅದೇ ಪಾತ್ರೆಯಲ್ಲಿ ಬಿಡಿ.

ಪಾತ್ರೆ ಸ್ಟೀಲಿನದಿರಲಿ. ಕಬ್ಬಿಣದ ಪಾತ್ರೆ ಬಣ್ಣವನ್ನು ಕಪ್ಪಿಗೆ ಎಳೆಯುತ್ತದೆ. ಬಣ್ಣಕ್ಕೆ ಬಳಸಿದ ಪಾತ್ರೆ ಮತ್ತೆ ಅಡುಗೆ ಒಲೆ ಏರಬಾರದು.

ಮರುದಿನ ಬಣ್ಣ. ಒಣ ದಾಳಿಂಬೆ ಸಿಪ್ಪೆ ತುಪ್ಪಟದ ತೂಕಕ್ಕೆ ಸಮ ತೆಗೆದುಕೊಂಡು ಕುದಿಸಿ, ಸೋಸಿ, ತಣಿಸಿ. ಆಮೇಲೆ ತುಪ್ಪಟ ಹಾಕಿ ಹಿಂದಿನಂತೆಯೇ ನಿಧಾನ ಬಿಸಿ ಮಾಡಿದರೆ ಗಟ್ಟಿ ಹಳದಿ ಬರುತ್ತದೆ. ಉಳ್ಳಾಗಡ್ಡಿ ಸಿಪ್ಪೆ ಹೊನ್ನಿನಿಂದ ಕಿತ್ತಳೆವರೆಗೆ ಕೊಡುತ್ತದೆ. ಕೆಂಪಿಗೆ ಮಂಜಿಷ್ಠ. ಅದಕ್ಕೆ ಬಿಸಿ ಇನ್ನೂ ಕಡಿಮೆ ಇರಬೇಕು, ಹೆಚ್ಚಾದರೆ ಇಟ್ಟಿಗೆ ಕಂದಾಗುತ್ತದೆ. ಅರಿಶಿಣ ಮಾತ್ರ ಬೇಡ. ತೇರದಾಳ, ರಬಕವಿ ಸುತ್ತ ಅರಿಶಿಣ ಬೆಳೆಯುವುದರಿಂದ ಎಲ್ಲರ ಕೈ ಮೊದಲು ಅದರ ಮೇಲೇ ಹೋಗುತ್ತದೆ. ಅದ್ದಿದ ದಿನ ಕಣ್ಣು ಕುಕ್ಕುವ ಹಳದಿ, ಕೆಲವು ದಿನ ಬಿಸಿಲು ಕಂಡರೆ ಮಾಸಲು. ಅದನ್ನು ಮಾರಿದರೆ ಕೊಂಡವರು ಮತ್ತೆ ನಿಮ್ಮ ಬಾಗಿಲಿಗೆ ಬರುವುದಿಲ್ಲ.

ಬಿಸಿ ನೀರಿನಿಂದ ಎತ್ತಿ ನೇರ ತಣ್ಣೀರಿಗೆ ಹಾಕಬೇಡಿ. ಆ ಹೊಡೆತಕ್ಕೆ ತುಪ್ಪಟ ಗಂಟುಗಟ್ಟುತ್ತದೆ.

ಹಾಸು ಕೂಡಿಸುವುದು

ಉಣ್ಣೆಯ ಎಳೆಯ ಮೇಲೆ ಮೀನಿನ ಪೊರೆಯಂಥ ಸಣ್ಣ ಪದರಗಳಿವೆ. ಬಿಸಿ, ತೇವ, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡುವುದಿಲ್ಲ. ತೊಳೆಯುವಾಗ ತಿಕ್ಕಬೇಡಿ ಎಂದದ್ದು ಇದಕ್ಕೇ. ಈಗ ತಿಕ್ಕುವ ಸಮಯ.

ಬಿದಿರಿನ ಚಾಪೆ ಹಾಸಿ. ಒಂದು ಅಡಿ ಚೌಕಕ್ಕೆ ಸುಮಾರು 50 ಗ್ರಾಂ ತುಪ್ಪಟ. ಹಿಂಜಿದ್ದನ್ನು ತೆಳುವಾಗಿ ಎಳೆದೆಳೆದು ಒಂದು ಪದರ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ, ಹೀಗೆ ನಾಲ್ಕು ಪದರ. ಮೇಲಿನ ಪದರಕ್ಕೆ ಮರಿ ತುಪ್ಪಟ ಇಟ್ಟರೆ ಬೇಗ ಕೂಡುತ್ತದೆ. ಬೆಳಕಿಗೆ ಹಿಡಿದಂತೆ ಕಣ್ಣಿಟ್ಟು ನೋಡಿ, ತೆಳು ಬಿದ್ದಲ್ಲಿ ತುಂಬಿ. ಸೊಳ್ಳೆ ಪರದೆಯ ತುಂಡು ಮುಚ್ಚಿ, ಸಾಬೂನು ಕರಗಿಸಿದ ಬಿಸಿ ನೀರು ಚಿಮುಕಿಸಿ, ಅಂಗೈಯಿಂದ ಮೆಲ್ಲಗೆ ಒತ್ತುತ್ತ ಗಾಳಿ ಹೊರಡಿಸಿ. ಸಾಬೂನಿನಲ್ಲೂ ಕ್ಷಾರ ಇದೆಯಲ್ಲ ಎಂದು ನೀವು ಕೇಳುವುದು ಸರಿ. ಮೈ ಸಾಬೂನಿನಲ್ಲಿ ಅದು ಸೌಮ್ಯ, ನೀರೂ ಕುದಿಯುತ್ತಿಲ್ಲ, ಮುಗಿದ ಕೂಡಲೇ ಹುಳಿ ನೀರಲ್ಲಿ ತೊಳೆಯುತ್ತೇವೆ.

ಹತ್ತು ನಿಮಿಷ ಹಗುರವಾಗಿ ತಿಕ್ಕಿದ ಮೇಲೆ ಚಿವುಟಿ ನೋಡಿ. ಎಳೆ ಬಿಡಿಬಿಡಿಯಾಗಿ ಎದ್ದರೆ ಇನ್ನೂ ತಿಕ್ಕಬೇಕು, ಹಾಸೇ ಮೇಲೆದ್ದು ಬಂದರೆ ಉರುಳಿಸಬಹುದು. ಚಾಪೆ ಸಮೇತ ಲಟ್ಟಣಿಗೆಗೆ ಸುತ್ತಿ ದಾರ ಕಟ್ಟಿ ನೂರು ಸಲ ಉರುಳಿಸಿ. ಬಿಚ್ಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ನೂರು. ನಾಲ್ಕೂ ದಿಕ್ಕು, ಎರಡೂ ಮಗ್ಗುಲು. ದಖನಿ ತುಪ್ಪಟ ಮೆರಿನೋದಂತೆ ಬೇಗ ಕೂಡುವುದಿಲ್ಲ, ತಾಳ್ಮೆ ಬೇಕು. ಕೈ ಸೋತರೆ ನೆಲಕ್ಕಿಟ್ಟು ಕಾಲಿನಿಂದ ಉರುಳಿಸಿ. ಒಂದು ಅಡಿ ಚೌಕ ಎಂಟು-ಒಂಬತ್ತು ಇಂಚಿಗೆ ಕುಗ್ಗಿದರೆ ಆಯಿತೆಂದು ತಿಳಿಯಿರಿ. ಕೊನೆಗೆ ಒಂದು ಬಕೆಟ್ ನೀರಿಗೆ ಎರಡು ಲಿಂಬೆ ಹಿಂಡಿ ಅದ್ದಿ, ಹಿಂಡದೆ ಟವೆಲಿನಲ್ಲಿ ಒತ್ತಿ ನೆರಳಿಗೆ ಹಾಕಿ.

ಚಿತ್ರ

ಜಾಗ ಕಡಿಮೆ ಇದೆ, ನನಗೆ ಇಷ್ಟವಾದ ಒಂದೇ ದಾರಿ ಹೇಳುತ್ತೇನೆ: ಕಬ್ಬಿಣದ ನೀರಿನಿಂದ ಕಪ್ಪು ಗೆರೆ ಎಳೆಯುವುದು. ಐದು ಲೀಟರ್ ನೀರು, ಅರ್ಧ ಕಿಲೋ ತುಕ್ಕು ಹಿಡಿದ ಮೊಳೆ ಅಥವಾ ಲಾಳ, ಕಾಲು ಕಿಲೋ ಬೆಲ್ಲ. ಮಹಾಲಿಂಗಪುರದ ಕರಿ ಬೆಲ್ಲವಾದರೂ ನಡೆಯುತ್ತದೆ. ಮಡಕೆಯಲ್ಲಿ ಹಾಕಿ ಬಟ್ಟೆ ಕಟ್ಟಿ ಹದಿನೈದು-ಇಪ್ಪತ್ತು ದಿನ ಬಿಡಿ, ನಡುನಡುವೆ ಕಲಕಿ. ಸೋಸಿದ ನೀರಿಗೆ ಹುಣಸೆ ಬೀಜದ ಪುಡಿ ಹಾಕಿ ಕಾಯಿಸಿ ಗಂಜಿ ಹದಕ್ಕೆ ತನ್ನಿ. ಕಂಬಳಿ ನೇಯುವವರು ಮಗ್ಗದ ಹಾಸು ಎಳೆಗಳಿಗೆ ಸವರುವುದೂ ಹುಣಸೆ ಬೀಜದ ಗಂಜಿಯನ್ನೇ.

ಮುಗಿದ ಹಾಸನ್ನು ಅಳಲೇಕಾಯಿ ಪುಡಿಯ ನೀರಲ್ಲಿ ಅದ್ದಿ ಒಣಗಿಸಿ. ಬಿದಿರು ಕಡ್ಡಿಯ ತುದಿಗೆ ಉಣ್ಣೆ ಸುತ್ತಿ, ಈ ಗಂಜಿಯಲ್ಲಿ ಅದ್ದಿ ಗೆರೆ ಎಳೆಯಿರಿ. ಎಳೆದಾಗ ಮಾಸಲು ಕಾಣುವ ಗೆರೆ ನೋಡನೋಡುತ್ತಲೇ ಕಪ್ಪಾಗುತ್ತದೆ. ಅಳಿಸಲು ಬರುವುದಿಲ್ಲ, ಆದ್ದರಿಂದ ಮೊದಲು ಕಾಗದದ ಮೇಲೆ ಕೈ ಕೂಡಿಸಿಕೊಳ್ಳಿ. ಕಸೂತಿಯ ಗೋಪುರ, ತೇರು, ತುಳಸಿಕಟ್ಟೆ ಶುರುವಿಗೆ ಚೆನ್ನ, ಎಲ್ಲವೂ ನೇರ ಗೆರೆಗಳು. ಗೆರೆ ಒಣಗಿದ ಮೇಲೆ ತಣ್ಣೀರಲ್ಲಿ ಎರಡು ಸಲ ಜಾಲಿಸಿ. ಉಳಿದ ಕಬ್ಬಿಣ ಎಳೆಯನ್ನು ತಿನ್ನುತ್ತದೆ, ಹಾಗಾಗಿ ಗೆರೆ ತೆಳುವಾಗಿರಲಿ, ಒಂದೇ ಕಡೆ ಎರಡು ಸಲ ಸವರಬೇಡಿ.