ಸಂಬಳವನ್ನು ಸ್ಮಾರ್ಟ್ ಕಾಂಟ್ರ್ಯಾಕ್ಟ್‌ಗೆ ಒಪ್ಪಿಸಬಹುದೇ?

ಈಗ ಬೇಡ ಎಂಬುದೇ ನನ್ನ ಸಲಹೆ. ನೌಕರರ ಸಂಬಳ ಒಂದು ದಿನವೂ ತಡವಾಗಬಾರದೆಂಬ ನಿಮ್ಮ ಕಾಳಜಿ ದೊಡ್ಡದು. ಆದರೆ ಸ್ಮಾರ್ಟ್ ಕಾಂಟ್ರ್ಯಾಕ್ಟ್, ಅಂದರೆ ಬ್ಲಾಕ್‌ಚೈನ್ ಜಾಲದಲ್ಲಿ ತಾನಾಗಿಯೇ ನಡೆಯುವ ಕೋಡ್, ದುಡ್ಡು ಹುಟ್ಟಿಸುವುದಿಲ್ಲ. ನೀವು ಮೊದಲೇ ತುಂಬಿಟ್ಟಿದ್ದನ್ನು ಬರೆದಿಟ್ಟ ಷರತ್ತಿನಂತೆ ಹಂಚುತ್ತದೆ, ಅಷ್ಟೆ.

ಹಂಚುವುದೂ ರೂಪಾಯಿಯನ್ನಲ್ಲ, ಕ್ರಿಪ್ಟೊ ಟೋಕನ್‌ಗಳನ್ನು. ನಮ್ಮ ವೇತನ ಕಾನೂನು ಕೇಳುವುದು ರೂಪಾಯಿ: ನಗದು, ಚೆಕ್ ಇಲ್ಲವೇ ಬ್ಯಾಂಕ್ ಜಮೆ. ಟೋಕನ್ ಮಾರಿ ಬಂದ ಲಾಭಕ್ಕೆ ನೌಕರರು 30% ತೆರಿಗೆ ಕಟ್ಟಬೇಕು. ಪಿಎಫ್, ಇಎಸ್‌ಐ, ವೃತ್ತಿ ತೆರಿಗೆಗೆ ನೀವು ಹೇಗೂ ರೂಪಾಯಿಯನ್ನೇ ಹೊಂದಿಸಬೇಕು.

ನನ್ನ ಹೆಚ್ಚಿನ ಚಿಂತೆ ನಿಮ್ಮ ನೌಕರರ ಬಗ್ಗೆ. ಎಥೀರಿಯಂನಂಥ ಸಾರ್ವಜನಿಕ ಜಾಲದಲ್ಲಿ ಪ್ರತಿ ಪಾವತಿಯೂ ಎಲ್ಲರಿಗೂ ಕಾಣುತ್ತದೆ. ಒಬ್ಬರ ವಾಲೆಟ್ ವಿಳಾಸ ತಿಳಿದರೆ ಸಾಕು, ಅವರ ಸಂಬಳ, ಬಡ್ತಿ, ಕಡಿತ ಎಲ್ಲವೂ ಬಯಲು. ಕೋಡ್‌ನಲ್ಲಿ ದೋಷ ಉಳಿದರೆ ಇನ್ನೂ ಕಷ್ಟ. 2016ರಲ್ಲಿ ‘ದಿ ಡಿಎಒ’ ಎಂಬ ಎಥೀರಿಯಂ ಹೂಡಿಕೆ ನಿಧಿಯಿಂದ ಸುಮಾರು 36 ಲಕ್ಷ ಈಥರ್ (ಎಥೀರಿಯಂನ ನಾಣ್ಯ) ಸೋರಿಹೋದದ್ದು ಅಂಥ ದೋಷದಿಂದಲೇ. ಹೆರಿಗೆ ರಜೆ, ಮುಂಗಡ, ಹಾಜರಿಯ ತಕರಾರು ಇವಕ್ಕೆಲ್ಲ ವಿವೇಚಿಸಿ ತಿದ್ದುವ ಮನುಷ್ಯ ಬೇಕು.

ಇದರ ಬದಲು ಹಾಜರಿಯನ್ನು ಸಾಮಾನ್ಯ ಪೇರೋಲ್ ಸಾಫ್ಟ್‌ವೇರ್‌ಗೆ ಜೋಡಿಸಿ, ನಿಗದಿತ ದಿನ ಬ್ಯಾಂಕಿನಿಂದ ನೆಫ್ಟ್ ಹೋಗುವಂತೆ ಮಾಡಿ. ಒಂದು ತಿಂಗಳ ಸಂಬಳದಷ್ಟು ಹಣವನ್ನು ಬೇರೆ ಖಾತೆಯಲ್ಲಿಡಿ. ಅದನ್ನು ಬೇರೆ ಯಾವ ಖರ್ಚಿಗೂ ಮುಟ್ಟಬೇಡಿ.