ಒಮಾನ್ ದೇಶದ ನೆಲ, ಗಾಳಿ ಮತ್ತು ನೀರು

ವಿದ್ಯಾರ್ಥಿಗಳೇ, ಭೂಪಟದಲ್ಲಿ ನಮ್ಮ ಮುಂಬಯಿಯ ಮೇಲೆ ಬೆರಳಿಟ್ಟು, ಅದನ್ನು ನೇರವಾಗಿ ಪಶ್ಚಿಮಕ್ಕೆ ಸರಿಸೋಣ. ಅರಬ್ಬಿ ಸಮುದ್ರವನ್ನು ದಾಟಿದೊಡನೆ ಬೆರಳು ಮುಟ್ಟುವ ನೆಲವೇ ಒಮಾನ್ ದೇಶ. ಅರೇಬಿಯ ಪರ್ಯಾಯದ್ವೀಪದ ಆಗ್ನೇಯ ಮೂಲೆಯಲ್ಲಿರುವ ಈ ದೇಶದ ವಿಸ್ತೀರ್ಣ ಸುಮಾರು 3,09,500 ಚದರ ಕಿಲೋಮೀಟರು. ಎಂದರೆ ಕರ್ನಾಟಕದ ಒಂದೂವರೆ ಪಾಲಿಗೂ ಮಿಗಿಲು. ಇದರ ದಕ್ಷಿಣದ ಸಲಾಲಾ ಪಟ್ಟಣವು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅದೇ ರೇಖೆಯ ಆಚೀಚೆಗೆ ನಮ್ಮ ವಿಜಯಪುರ, ಕಲಬುರಗಿಗಳಿವೆ. ರಾಜಧಾನಿಯಾದ ಮಸ್ಕತ್ ನಗರವು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ತುಸುವೇ ಉತ್ತರದಲ್ಲಿದೆ.

ನಮಗೂ ಅವರಿಗೂ ನಡುವೆ ಇರುವುದು ಒಂದೇ ಕಡಲು. ಆದರೂ ಮುಂಬಯಿಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಮಸ್ಕತ್ತಿನಲ್ಲಿ ಬೀಳುವುದು ಸುಮಾರು 100 ಮಿಲಿಮೀಟರು ಮಾತ್ರ. ಇಷ್ಟೊಂದು ಅಂತರವೇಕೆ? ಇಷ್ಟು ಅಲ್ಪ ಮಳೆಯಲ್ಲಿ ಅಲ್ಲಿಯ ಜನರು ಸಾವಿರಾರು ವರ್ಷ ಬೇಸಾಯ ಮಾಡಿದುದು ಹೇಗೆ? ಈ ಎರಡು ಪ್ರಶ್ನೆಗಳನ್ನು ನಾವು ಇಲ್ಲಿ ವಿಚಾರಿಸೋಣ.

ನೆಲದ ರಚನೆ

ಒಮಾನಿನ ಉತ್ತರದಲ್ಲಿ ಕಡಲ ತೀರವನ್ನು ಅನುಸರಿಸಿ ಹಜರ್ ಪರ್ವತಗಳು ಬಿಲ್ಲಿನಂತೆ ಬಾಗಿ ನಿಂತಿವೆ. ಇವುಗಳಲ್ಲಿ ಅತ್ಯುನ್ನತವಾದ ಜಬಲ್ ಶಮ್ಸ್, ಎಂದರೆ 'ಸೂರ್ಯನ ಬೆಟ್ಟ', ಸುಮಾರು 3,000 ಮೀಟರು ಎತ್ತರವಾಗಿದೆ. ನಮ್ಮ ಮುಳ್ಳಯ್ಯನಗಿರಿಗಿಂತ ಇದು ಸಾವಿರ ಮೀಟರಿನಷ್ಟು ಹೆಚ್ಚು. ಪರ್ವತಕ್ಕೂ ಕಡಲಿಗೂ ನಡುವೆ ಖರ್ಜೂರದ ತೋಟಗಳುಳ್ಳ ಬಾತಿನಾ ಎಂಬ ಬಯಲು ಹಬ್ಬಿದೆ. ಪರ್ವತದ ಬೆನ್ನಿಗೆ ಕಲ್ಲುಹರಳಿನ ಬಯಲುಗಳೂ ಮರಳುಗಾಡೂ ಇವೆ. ಪಶ್ಚಿಮದ ಗಡಿಯಲ್ಲಿ ರುಬ್ ಅಲ್ ಖಾಲಿ ಎಂಬ ಮಹಾ ಮರುಭೂಮಿ ಆರಂಭವಾಗುತ್ತದೆ. ದಕ್ಷಿಣದ ತುದಿಯಲ್ಲಿ ಧೋಫಾರ್ ಪ್ರಾಂತದ ಬೆಟ್ಟಸಾಲು ಇದೆ.

ಈ ದೇಶದಲ್ಲಿ ಕಾವೇರಿ, ಕೃಷ್ಣೆಯರಂಥ ದೊಡ್ಡ ನದಿ ಒಂದೂ ಇಲ್ಲ. 'ವಾದಿ' ಎಂಬ ಹಳ್ಳಗಳಿವೆ. ಅವು ವರ್ಷದ ಬಹುಭಾಗ ಒಣಗಿ ಬಿದ್ದಿರುತ್ತವೆ.

ಒಂದೇ ಗಾಳಿಯ ಎರಡು ಗುಣ

'ಮಾನ್ಸೂನ್' ಎಂಬ ಮಾತು ಋತು ಎಂಬರ್ಥದ 'ಮೌಸಿಮ್' ಎಂಬ ಅರಬ್ಬಿ ಪದದಿಂದ ಬಂದುದು. ಬೇಸಗೆಯಲ್ಲಿ ಈ ಗಾಳಿಯು ಭೂಮಧ್ಯರೇಖೆಯನ್ನು ದಾಟಿ, ಆಫ್ರಿಕದ ಪೂರ್ವ ತೀರವನ್ನು ಸವರಿಕೊಂಡು, ಅರಬ್ಬಿ ಸಮುದ್ರದ ಮೇಲೆ ಈಶಾನ್ಯಕ್ಕೆ ಬೀಸುತ್ತದೆ. ನಮ್ಮ ಪಶ್ಚಿಮ ಘಟ್ಟಗಳು ಅದಕ್ಕೆ ಅಡ್ಡವಾಗಿ ನಿಂತಿರುವುದರಿಂದ ಗಾಳಿ ಮೇಲೇರಿ, ತಣಿದು, ಮಳೆ ಸುರಿಸುತ್ತದೆ. ಒಮಾನಿನ ತೀರವಾದರೋ ಗಾಳಿಯ ಜಾಡಿಗೆ ಹೆಚ್ಚುಕಡಮೆ ಸಮಾನಾಂತರವಾಗಿದೆ. ಗಾಳಿ ಅದರ ಪಕ್ಕದಲ್ಲಿ ಹಾದು ನಮ್ಮತ್ತ ಬಂದುಬಿಡುತ್ತದೆ. ಮೇಲಾಗಿ, ಆ ಕಾಲದಲ್ಲಿ ಉತ್ತರ ಒಮಾನಿನ ಮೇಲೆ ಗಾಳಿ ಎತ್ತರದಿಂದ ಕೆಳಕ್ಕೆ ಇಳಿಯುತ್ತಿರುತ್ತದೆ. ಇಳಿಯುವ ಗಾಳಿ ಕಾಯುತ್ತದೆ. ಕಾದ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. 2018ರ ಜೂನಿನಲ್ಲಿ ಮಸ್ಕತ್ತಿನ ಆಗ್ನೇಯಕ್ಕಿರುವ ಕುರಿಯಾತ್ ಎಂಬ ಊರಿನಲ್ಲಿ ಹಗಲಿರುಳು ಸೇರಿದ ಇಡೀ ಒಂದು ದಿನ ಉಷ್ಣತೆಯು 42.6 ಡಿಗ್ರಿ ಸೆಲ್ಸಿಯಸಿಗಿಂತ ಕೆಳಗೆ ಇಳಿಯಲೇ ಇಲ್ಲ.

ಹಾಗೆಂದು ಒಮಾನೆಲ್ಲವೂ ಬೆಂಗಾಡೆಂದು ತಿಳಿಯಬಾರದು. ದಕ್ಷಿಣದ ಸಲಾಲಾದ ಬಳಿ ಇದೇ ಗಾಳಿಯು ಕಡಲ ಮೇಲ್ನೀರನ್ನು ತಳ್ಳುತ್ತದೆ. ಭೂಮಿಯ ಭ್ರಮಣದ ದೆಸೆಯಿಂದ ಆ ನೀರು ಬಲಕ್ಕೆ ತಿರುಗಿ ತೀರದಿಂದ ದೂರ ಸರಿಯುತ್ತದೆ. ಅದರ ಎಡೆಯನ್ನು ತುಂಬಲು ಆಳದ ತಣ್ಣೀರು ಮೇಲೇರಿ ಬರುತ್ತದೆ. ಈ ತಣ್ಣೀರಿನ ಮೇಲೆ ಹಾಯುವ ತೇವಗಾಳಿ ಮಂಜಾಗಿ ಧೋಫಾರಿನ ಬೆಟ್ಟಗಳನ್ನು ಕವಿಯುತ್ತದೆ. ಅದರ ಮೇಲ್ಗಡೆ ಮರುಭೂಮಿಯ ಬಿಸಿಗಾಳಿ ಮುಚ್ಚಳದಂತೆ ಕುಳಿತಿರುವುದರಿಂದ ಮೋಡ ಎತ್ತರಕ್ಕೆ ಬೆಳೆಯಲಾರದು. ಆದುದರಿಂದ ಜಡಿಮಳೆಯಿಲ್ಲ, ಬರಿಯ ಸೋನೆ. ಮರಗಳ ಎಲೆಗಳು ಮಂಜಿನ ಹನಿಗಳನ್ನು ಹಿಡಿದು ಬುಡಕ್ಕೆ ತೊಟ್ಟಿಕ್ಕಿಸುತ್ತವೆ. ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಬೆಟ್ಟಗಳು ಹಸುರುಡುತ್ತವೆ. ಮಸ್ಕತ್ ಬೇಯುತ್ತಿರುವಾಗ ಸಲಾಲಾದಲ್ಲಿ ಉಷ್ಣತೆ ಸುಮಾರು 25 ಡಿಗ್ರಿಯಷ್ಟಿರುತ್ತದೆ. ಈ ಋತುವನ್ನು ಅವರು 'ಖರೀಫ್' ಎನ್ನುತ್ತಾರೆ. ನಮ್ಮ ರೈತರ ಖಾರೀಫ್ ಬೆಳೆಯ ಹೆಸರೂ ಇದೇ ಅರಬ್ಬಿ ಮಾತು.

ಮಂಜು ಮುಟ್ಟದ ಬೆಟ್ಟದ ಹಿಂಬದಿಯಲ್ಲಿ ಧೂಪದ ಮರಗಳು ಬೆಳೆಯುತ್ತವೆ. ತೊಗಟೆಯನ್ನು ಕೆತ್ತಿದರೆ ಒಸರುವ ಅಂಟು ಒಣಗಿ ಹರಳಾಗುತ್ತದೆ. ಅದಕ್ಕೆ ಅರಬ್ಬಿಯಲ್ಲಿ 'ಲುಬಾನ್' ಎಂದು ಹೆಸರು. ನಮ್ಮ 'ಲೋಬಾನ' ಅದರ ರೂಪಾಂತರ. ಒಂದೇ ಬೆಟ್ಟದ ಒಂದು ಮಗ್ಗುಲಲ್ಲಿ ಹುಲ್ಲುಗಾವಲು, ಇನ್ನೊಂದರಲ್ಲಿ ಮರುಭೂಮಿ!

ಬಂದರೆ ಪ್ರವಾಹ

ಉತ್ತರ ಒಮಾನಿಗೆ ಮಳೆ ಬರುವುದು ಮುಖ್ಯವಾಗಿ ಚಳಿಗಾಲದಲ್ಲಿ, ಪಶ್ಚಿಮದಿಂದ ಬರುವ ಮೋಡಗಳಿಂದ. ಕೆಲವೊಮ್ಮೆ ಚಂಡಮಾರುತಗಳೂ ಎರಗುವುದುಂಟು. 2007ರ ಜೂನಿನಲ್ಲಿ 'ಗೋನು' ಚಂಡಮಾರುತವು ಮಸ್ಕತ್ತಿಗೆ ಅಪಾರ ಹಾನಿ ಮಾಡಿತು. ಬೋಳುಬೆಟ್ಟದ ಮೇಲೆ ಬಿದ್ದ ನೀರು ಇಂಗದೆ ವಾದಿಗಳಿಗೆ ನುಗ್ಗಿ, ಒಣಹಳ್ಳವನ್ನು ಕ್ಷಣಮಾತ್ರದಲ್ಲಿ ಹೊಳೆಯಾಗಿಸುತ್ತದೆ. 2024ರ ಏಪ್ರಿಲಿನಲ್ಲಿ ಇಂಥದೊಂದು ಪ್ರವಾಹಕ್ಕೆ ಶಾಲಾವಾಹನವೊಂದು ಸಿಕ್ಕಿ, ನಿಮ್ಮಂಥ ಮಕ್ಕಳು ಅಸುನೀಗಿದರು. ಮಳೆ ಕಡಮೆಯಾದ ನಾಡಿನಲ್ಲಿ ನೀರಿನ ಭಯವಿಲ್ಲವೆಂದು ತಿಳಿಯುವುದು ತಪ್ಪು.

ನೀರಿನ ಪಾಲು

ಈ ಅಲ್ಪ ನೀರನ್ನು ಕಾಪಾಡಿಕೊಳ್ಳಲು ಒಮಾನಿನ ಹಿರಿಯರು ಕಟ್ಟಿದ ಕಾಲುವೆಗೆ 'ಫಲಜ್' ಎಂದು ಹೆಸರು. ಪಾಲುಮಾಡುವುದು ಎಂಬುದೇ ಆ ಪದದ ಮೂಲಾರ್ಥ. ಬೆಟ್ಟದ ಬುಡದಲ್ಲಿ ಒಂದು ತಾಯಿ ಬಾವಿಯನ್ನು ತೋಡಿ, ಅದರ ತಳದಿಂದ ಊರಿನವರೆಗೆ ಸ್ವಲ್ಪವೇ ಇಳಿಜಾರಾಗಿ ಸುರಂಗ ಕೊರೆಯುತ್ತಾರೆ. ನೀರು ತನ್ನ ಭಾರದಿಂದಲೇ ಹರಿದು ಬರುತ್ತದೆ. ಸುರಂಗದೊಳಗೆ ಬಿಸಿಲು ತಾಗದ ಕಾರಣ ಆವಿಯಾಗಿ ಹೋಗುವುದು ಕಡಮೆ. ಬೀದರಿನ ಬಳಿ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ ಕರೇಜ್ ಎಂಬ ಸುರಂಗವೂ ಇದೇ ಜಾತಿಯದು.

ಊರಿಗೆ ಬಂದ ನೀರು ಮೊದಲು ಕುಡಿಯಲು, ಆಮೇಲೆ ಸ್ನಾನಕ್ಕೆ, ಕಡೆಯಲ್ಲಿ ತೋಟಗಳಿಗೆ. ತೋಟದ ನೀರನ್ನು ಹೊತ್ತಿನ ಲೆಕ್ಕದಲ್ಲಿ ಹಂಚುತ್ತಾರೆ. 'ಅಥರ್' ಎಂಬ ಒಂದು ಪಾಲೆಂದರೆ ಸುಮಾರು ಅರ್ಧ ಗಂಟೆ. ಗಡಿಯಾರಗಳಿಲ್ಲದ ಕಾಲದಲ್ಲಿ ಹಗಲು ಕಂಬದ ನೆರಳನ್ನೂ ಇರುಳು ನಕ್ಷತ್ರಗಳನ್ನೂ ನೋಡಿ ಸರದಿಯನ್ನು ನಿರ್ಣಯಿಸುತ್ತಿದ್ದರು. ಕೆಲವು ಪಾಲುಗಳನ್ನು ಹರಾಜು ಹಾಕಿ, ಬಂದ ಹಣದಿಂದ ಕಾಲುವೆಯನ್ನು ದುರಸ್ತಿ ಮಾಡಿಸುತ್ತಿದ್ದರು. ಇಂದು ಮಸ್ಕತ್ ನಗರವು ಬಹುಮಟ್ಟಿಗೆ ಉಪ್ಪು ತೆಗೆದ ಸಮುದ್ರದ ನೀರನ್ನು ಕುಡಿಯುತ್ತದೆ. ಆದರೂ 3,000ಕ್ಕೂ ಹೆಚ್ಚು ಫಲಜುಗಳು ಈಗಲೂ ಹರಿಯುತ್ತಿವೆ. ಅವುಗಳಲ್ಲಿ ಐದನ್ನು ಯುನೆಸ್ಕೋ ಸಂಸ್ಥೆಯು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಚಾಳುಗಳಲ್ಲಿ ನಳದ ನೀರು ಹೊತ್ತು ನೋಡಿ ಬರುವುದನ್ನು ನೀವು ಬಲ್ಲಿರಿ. ಮುಂದಿನವರು ಕೊಡ ತುಂಬಿಕೊಂಡ ಮೇಲೂ ನಳ ಬಿಡದಿದ್ದರೆ ಹಿಂದಿನವರ ಪಾಡೇನೆಂಬುದನ್ನೂ ಬಲ್ಲಿರಿ. ಮಳೆ ಎಷ್ಟು ಬರಬೇಕೆಂಬುದನ್ನು ಗಾಳಿ, ಕಡಲು, ಬೆಟ್ಟಗಳು ತೀರ್ಮಾನಿಸುತ್ತವೆ. ಬಂದ ನೀರು ಎಲ್ಲರಿಗೂ ಸಾಲುವಂತೆ ಮಾಡುವ ಹೊಣೆ ಮನುಷ್ಯರದು. ಬರುವ ಜೂನಿನಲ್ಲಿ ಮೊದಲ ಮಳೆ ಬಿದ್ದಾಗ ಭೂಪಟವನ್ನು ಬಿಡಿಸಿ, ಆ ಗಾಳಿ ನಡೆದು ಬಂದ ದಾರಿಯನ್ನು ಗೆರೆಯೆಳೆದು ಗುರುತಿಸಿರಿ. ದಾರಿಯ ಎಡಬದಿಯಲ್ಲಿ ಒಮಾನ್ ಇರುತ್ತದೆ.