ಮನಸ್ಸಿಗೂ ಒಂದು ಬುತ್ತಿ

2018ರ ಮೇ ತಿಂಗಳಲ್ಲಿ ಮಗಳ ಬಾಣಂತನಕ್ಕೆಂದು ಮೊದಲ ಬಾರಿ ಅಮೆರಿಕಕ್ಕೆ ಹೊರಟೆ. ಮೈಸೂರಿನಿಂದ ಫ್ಲೈಬಸ್ ಹತ್ತಿ ಬೆಂಗಳೂರು ವಿಮಾನ ನಿಲ್ದಾಣ, ಅಲ್ಲಿಂದ ದುಬೈಗೆ ನಾಲ್ಕು ಗಂಟೆ, ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು ಹದಿನಾರು ಗಂಟೆ. ಕಾಯುವ ಹೊತ್ತೂ ಸೇರಿದರೆ ನಮ್ಮ ಮನೆ ಬಾಗಿಲಿನಿಂದ ಮಗಳ ಮನೆ ಬಾಗಿಲಿಗೆ ಒಂದೂಕಾಲು ದಿನ. ಹೊರಡುವ ಮುಂಚೆ ತಿಂಗಳುಗಟ್ಟಲೆ ಸಿದ್ಧತೆ ನಡೆದಿತ್ತು. ಚಟ್ನಿಪುಡಿ, ಸಾರಿನ ಪುಡಿ, ಅಂಟಿನುಂಡೆ, ಮಗುವಿಗೆ ಹಳೆಯ ಹತ್ತಿ ಸೀರೆಯ ಮೆತ್ತನೆ ಬಟ್ಟೆ, ಎಲ್ಲವನ್ನೂ ತೂಕ ಹಾಕಿ ಕಟ್ಟಿದ್ದೆ. ಅಷ್ಟು ಗಂಟೆ ಒಂದೇ ಕಡೆ ಕೂತು ಏನು ಮಾಡುತ್ತೇನೆ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದ ಕೈ ನನ್ನದು. ಮುಂದಿನ ತಿಂಗಳು ಕಾರ್ಡಿನ ಬಿಲ್ಲು, ಫೋನಿನ ಬಿಲ್ಲು ಬಂದಾಗ ಹೋಗುವ ದಾರಿಯಲ್ಲಿ ಕೈಬಿಟ್ಟ ಹಣವನ್ನು ಪಟ್ಟಿ ಮಾಡಿದೆ. ನಿಲ್ದಾಣದಲ್ಲಿ ಕೊಂಡ ಹೆಡ್‌ಫೋನ್ 2,900 ರೂಪಾಯಿ. ಕತ್ತಿನ ದಿಂಬು 1,400. ದುಬೈಯಲ್ಲಿ ಹೊತ್ತು ಹೋಗದೆ ಕೂತ ಕಾಫಿ ಅಂಗಡಿಯಲ್ಲಿ 1,250. ವಿಮಾನದ ವೈಫೈ 1,360. ಸೀಟಿನ ಜೇಬಿನಲ್ಲಿದ್ದ ಮಾರಾಟದ ಪುಸ್ತಕ ನೋಡಿ ಕೊಂಡ ಸುಗಂಧದ ಬಾಟಲಿ 4,600. ಆಕಾಶದಲ್ಲಿ ಮೊಬೈಲ್ ಬಳಸಿದ್ದಕ್ಕೆ ರೋಮಿಂಗ್ 3,740. ಒಟ್ಟು 15,250 ರೂಪಾಯಿ. ಇದರಲ್ಲಿ ಒಂದೂ ಮನೆಯಿಂದ ಹೊರಡುವಾಗ ನನಗೆ ಬೇಕು ಅನ್ನಿಸಿದ್ದಲ್ಲ.

ಹಸಿದುಕೊಂಡು ಸಂತೆಗೆ ಹೋದರೆ ಕಂಡದ್ದೆಲ್ಲ ಕೊಳ್ಳಬೇಕು ಅನ್ನಿಸುತ್ತದೆ. ಬೇಸರವೂ ಹಸಿವಿನ ಹಾಗೆಯೇ ಎಂದು ಆ ಪಟ್ಟಿ ನನಗೆ ಕಲಿಸಿತು. ಕೈಗೆ, ಕಣ್ಣಿಗೆ ಕೆಲಸವಿಲ್ಲದ ಮನುಷ್ಯ ದುಡ್ಡು ಬಿಚ್ಚುತ್ತಾನೆ. ಅದರ ಮೇಲೆ, ವಿಮಾನದ ಬಾಗಿಲು ಮುಚ್ಚಿದ ಮೇಲೆ ಇರುವುದು ಒಂದೇ ಅಂಗಡಿ. ಒಂದೇ ಅಂಗಡಿ ಇರುವ ಊರಿನಲ್ಲಿ ಅವರು ಹೇಳಿದ್ದೇ ದರ. ನಮ್ಮ ಹಿರಿಯರು ದೂರದ ಊರಿಗೆ ಹೊರಟರೆ ಮೊದಲು ಬುತ್ತಿ ಕಟ್ಟುತ್ತಿದ್ದರು. ಹೊಟ್ಟೆಗೆ ಕಟ್ಟಿದ ಹಾಗೆ ಮನಸ್ಸಿಗೂ ಒಂದು ಬುತ್ತಿ ಕಟ್ಟಿಕೊಂಡರೆ ದುಡ್ಡೂ ಉಳಿಯುತ್ತದೆ, ಪ್ರಯಾಣವೂ ಹಗುರಾಗುತ್ತದೆ. ಆಮೇಲಿನ ಎರಡು ಪ್ರಯಾಣಗಳಲ್ಲಿ ನಾನು ಮಾಡಿ ನೋಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಕಾಶದ ಟವರ್

ಪಟ್ಟಿಯಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಆ 3,740 ರೂಪಾಯಿ. ಊಟವಾದ ಮೇಲೆ ದೀಪ ಆರಿಸಿದರು. ನಿದ್ದೆ ಹತ್ತಲಿಲ್ಲ. ಮಗಳಿಗೆ ನೋವು ಶುರುವಾಗಿದ್ದರೆ ಎಂಬ ಚಿಂತೆಯಲ್ಲಿ ಫೋನಿನ ಫ್ಲೈಟ್ ಮೋಡ್ ತೆಗೆದೆ. ಸಿಗ್ನಲ್ ಬಂದೇಬಿಟ್ಟಿತು! ವಾಟ್ಸ್‌ಆ್ಯಪ್ ತೆರೆದುಕೊಂಡು, ನೆಂಟರ ಗುಂಪಿನ ಫೋಟೊ, ವಿಡಿಯೊಗಳೆಲ್ಲ ಒಂದರ ಹಿಂದೊಂದು ಇಳಿದವು. ಅಮೆರಿಕಕ್ಕೆಂದು ರೋಮಿಂಗ್ ಪ್ಯಾಕ್ ಹಾಕಿಸಿದ್ದೆನಲ್ಲ, ಅದರಲ್ಲೇ ಹೋಗುತ್ತದೆ ಎಂದುಕೊಂಡೆ. ಬಿಲ್ಲು ಬಂದ ಮೇಲೆ ಫೋನ್ ಮಾಡಿ ಕೇಳಿದಾಗ ಆ ಕಡೆಯ ಹುಡುಗಿ ಸಮಾಧಾನವಾಗಿ ಹೇಳಿದಳು: “ಮೇಡಂ, ನಿಮ್ಮ ಪ್ಯಾಕ್ ಅಮೆರಿಕದಲ್ಲಿ ಇಳಿದ ಮೇಲೆ ನಡೆಯೋದು. ವಿಮಾನದೊಳಗಿನ ನೆಟ್‌ವರ್ಕ್ ಬೇರೆ.”

ವಿಷಯ ಇಷ್ಟೇ. ಹಲವು ದೊಡ್ಡ ವಿಮಾನಗಳಲ್ಲಿ ಒಂದು ಪುಟ್ಟ ಮೊಬೈಲ್ ಟವರ್ ಇರುತ್ತದೆ. ಅದು ಉಪಗ್ರಹದ ಮೂಲಕ ನೆಲದ ಜಾಲಕ್ಕೆ ಜೋಡಿಕೊಂಡಿರುತ್ತದೆ. ಫ್ಲೈಟ್ ಮೋಡ್ ತೆಗೆದ ಕೂಡಲೇ ನಮ್ಮ ಫೋನು ತಾನಾಗಿ ಅದನ್ನು ಹಿಡಿಯುತ್ತದೆ. ದೇಶಕ್ಕೆ ಕೊಂಡ ಪ್ಯಾಕ್ ಅಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ, ಅದಕ್ಕೆಂದೇ ಬೇರೆ ಇನ್‌ಫ್ಲೈಟ್ ಪ್ಯಾಕ್ ಕೊಳ್ಳಬೇಕು. ಆದ್ದರಿಂದ ವಿಮಾನ ಹತ್ತಿದ ತಕ್ಷಣ ಡೇಟಾ ರೋಮಿಂಗ್ ಆಫ್ ಮಾಡಿ, ಫ್ಲೈಟ್ ಮೋಡ್ ಹಾಕಿ. ವೈಫೈ, ಬ್ಲೂಟೂತ್ ಬೇಕಿದ್ದರೆ ಫ್ಲೈಟ್ ಮೋಡ್ ತೆಗೆಯದೆಯೇ ಅವನ್ನು ಮಾತ್ರ ಹಚ್ಚಿಕೊಳ್ಳಬಹುದು. ಇಳಿಯುವವರೆಗೂ ಇದನ್ನು ಬದಲಿಸಬೇಡಿ.

ವೈಫೈಗೂ ದುಡ್ಡು ಕೊಡುವ ಮುಂಚೆ ವಿಚಾರಿಸಿ. ಹಲವು ಕಂಪನಿಗಳು ತಮ್ಮ ಸದಸ್ಯರಿಗೆ ಸಂದೇಶ ಕಳಿಸುವಷ್ಟನ್ನಾದರೂ ಉಚಿತವಾಗಿ ಕೊಡುತ್ತವೆ. ಸಿಂಗಪುರ ಏರ್‌ಲೈನ್ಸ್ 2023ರ ಜುಲೈಯಿಂದ ಎಲ್ಲ ದರ್ಜೆಯ ಸದಸ್ಯ ಪ್ರಯಾಣಿಕರಿಗೂ ವೈಫೈಯನ್ನು ಉಚಿತ ಮಾಡಿದೆ. ಸದಸ್ಯರಾಗಲು ಶುಲ್ಕವಿಲ್ಲ, ಮನೆಯಲ್ಲಿ ಕೂತು ಐದು ನಿಮಿಷದಲ್ಲಿ ಹೆಸರು ನೋಂದಾಯಿಸಬಹುದು.

ಆಗಲೇ ಕೊಟ್ಟಿರುವ ದುಡ್ಡು

ಎದುರಿನ ಸೀಟಿನ ಬೆನ್ನಿಗಿರುವ ಪರದೆಯ ಖರ್ಚು ನಮ್ಮ ಟಿಕೆಟ್ಟಿನಲ್ಲೇ ಸೇರಿದೆ. 1961ರಲ್ಲಿ ಅಮೆರಿಕದ ಟಿಡಬ್ಲ್ಯೂಎ ಕಂಪನಿ ವಿಮಾನದಲ್ಲಿ ದಿನನಿತ್ಯ ಸಿನಿಮಾ ತೋರಿಸಲು ಶುರುಮಾಡಿದಾಗ ಅದು ಮೊದಲ ದರ್ಜೆಯವರಿಗೆ ಮಾತ್ರ ಸಿಗುತ್ತಿದ್ದ ಸುಖ. ಇಂದು ದೂರದ ವಿಮಾನಗಳಲ್ಲಿ ಕಡಿಮೆ ದರದ ಸೀಟಿಗೂ ನೂರಾರು ಚಿತ್ರಗಳಿವೆ. ಕೊಟ್ಟ ದುಡ್ಡನ್ನು ಪೂರ್ತಿ ಬಳಸಿಕೊಳ್ಳಬೇಕು. ಆದರೆ ಅದೊಂದನ್ನೇ ನಂಬಿಕೊಳ್ಳಬಾರದು. ನನ್ನ ಎರಡನೇ ಪ್ರಯಾಣದಲ್ಲಿ ನಮ್ಮ ಸಾಲಿನ ಪರದೆಗಳೇ ಕೆಟ್ಟಿದ್ದವು. ಹಿಂದಿ, ತಮಿಳು ಚಿತ್ರಗಳು ಸಿಕ್ಕಷ್ಟು ಕನ್ನಡ ಚಿತ್ರಗಳು ನನಗೆ ಯಾವ ವಿಮಾನದಲ್ಲೂ ಸಿಗಲಿಲ್ಲ.

ಪರದೆಯಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ಸಿನಿಮಾ ಅಲ್ಲ, ವಿಮಾನದ ದಾರಿ ತೋರಿಸುವ ನಕ್ಷೆ. ದುಬೈಯಿಂದ ಹೊರಟ ವಿಮಾನ ಪಶ್ಚಿಮಕ್ಕೆ ತಿರುಗದೆ ನೇರ ಉತ್ತರಕ್ಕೆ ಏರುವುದನ್ನು ಕಂಡಾಗ, ಭೂಮಿ ಗುಂಡಗಿದೆ ಎಂದು ಶಾಲೆಯಲ್ಲಿ ಕಲಿತದ್ದು ಮೊದಲ ಬಾರಿಗೆ ಮನಸ್ಸಿಗೆ ಇಳಿಯಿತು. ಗೋಳದ ಮೇಲೆ ಈ ಎರಡು ಊರುಗಳ ನಡುವೆ ಧ್ರುವದ ಬದಿಯ ದಾರಿಯೇ ಹತ್ತಿರದ ದಾರಿ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹಾರಿಸಿದಾಗ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲೆಯೇ ಹಾದುಬಂದರು. ಆ ಸುದ್ದಿ ಓದಿದ ದಿನ ಆ ನಕ್ಷೆ ಮತ್ತೆ ಕಣ್ಣಿಗೆ ಬಂತು. ಮೊಮ್ಮಕ್ಕಳ ಜೊತೆ ಪ್ರಯಾಣ ಮಾಡುವವರು ಆ ನಕ್ಷೆಯನ್ನು ತೋರಿಸಿ. ಒಂದು ಗಂಟೆ ಹೋದದ್ದು ಗೊತ್ತಾಗುವುದಿಲ್ಲ, ಖರ್ಚೂ ಇಲ್ಲ.

ಗಂಟೆಯ ಲೆಕ್ಕ

ಹೆಡ್‌ಫೋನ್ ವಿಷಯದಲ್ಲಿ ನಾನು ಕಲಿತದ್ದು ಗಂಟೆಯ ಲೆಕ್ಕ. ವಿಮಾನದೊಳಗೆ ಎಂಜಿನ್ನಿನ ಮೊರೆತ ಸುಮಾರು 80 ಡೆಸಿಬೆಲ್ ಮಟ್ಟದಲ್ಲಿ ಬಿಡುವಿಲ್ಲದೆ ಇರುತ್ತದೆ. ಅದನ್ನು ಮೀರಿ ಕೇಳಲು ನಾವು ಶಬ್ದ ಏರಿಸುತ್ತೇವೆ, ಇಳಿಯುವ ಹೊತ್ತಿಗೆ ತಲೆ ಸಿಡಿಯುತ್ತದೆ. ಗದ್ದಲ ತಗ್ಗಿಸುವ ಹೆಡ್‌ಫೋನ್‌ಗಳು ಇಂಥ ಒಂದೇ ಸಮನಾದ ಮೊರೆತವನ್ನು ಚೆನ್ನಾಗಿ ತಡೆಯುತ್ತವೆ. ಹಾಗಾಗಿ ಅದು ವ್ಯರ್ಥ ಖರ್ಚಲ್ಲ. ಎಷ್ಟರದು ಕೊಳ್ಳಬೇಕು ಎಂಬುದಷ್ಟೇ ಪ್ರಶ್ನೆ.

ನಮ್ಮ ಅಳಿಯ 20,000 ರೂಪಾಯಿಯದು ಇಟ್ಟುಕೊಂಡಿದ್ದಾರೆ. ಕೆಲಸಕ್ಕೆ ಹೋಗಿಬರುವಾಗ ರೈಲಿನಲ್ಲಿ ದಿನಕ್ಕೆ ಎರಡು ಗಂಟೆ ಬಳಸುತ್ತಾರೆ. ವರ್ಷಕ್ಕೆ 250 ದಿನ ಹಿಡಿದರೂ ಎರಡು ವರ್ಷಕ್ಕೆ ಸಾವಿರ ಗಂಟೆ, ಅಂದರೆ ಗಂಟೆಗೆ 20 ರೂಪಾಯಿ. ನನಗೆ ಎರಡು ಸಲ ಹೋಗಿಬಂದದ್ದಕ್ಕೆ ಆಕಾಶದಲ್ಲಿ ಕಳೆದದ್ದು 80 ಗಂಟೆ. ಅದನ್ನೇ ನಾನು ಕೊಂಡಿದ್ದರೆ ಗಂಟೆಗೆ 250 ರೂಪಾಯಿ ಬೀಳುತ್ತಿತ್ತು. ನಾನು 2022ರಲ್ಲಿ ಮೈಸೂರಿನಲ್ಲಿ ಕೊಂಡದ್ದು 2,400 ರೂಪಾಯಿಯದು, ಗಂಟೆಗೆ 30 ಆಯಿತು. ದಿನವೂ ಬಸ್ಸು, ಮೆಟ್ರೊದಲ್ಲಿ ಓಡಾಡುವವರು ಒಳ್ಳೆಯದನ್ನೇ ಕೊಳ್ಳಲಿ. ಎರಡು ಮೂರು ವರ್ಷಕ್ಕೊಮ್ಮೆ ವಿಮಾನ ಹತ್ತುವವರಿಗೆ ಅದು ಬೇಡ. ಕೆಲವು ವಿಮಾನಗಳ ಪರದೆಗೆ ಎರಡು ಕಡ್ಡಿಯ ಪಿನ್ನು ಬೇಕು, ತಂತಿಯ ಹೆಡ್‌ಫೋನ್ ಅಷ್ಟೇ ಹಿಡಿಯುತ್ತದೆ. ಇನ್ನೂರು ರೂಪಾಯಿಯೊಳಗೆ ಸಿಗುವ ಅಡಾಪ್ಟರ್ ಒಂದನ್ನು ಊರಿನಲ್ಲೇ ಕೊಂಡಿಟ್ಟುಕೊಳ್ಳಿ.

ಇದೇ ಗಂಟೆಯ ಲೆಕ್ಕವನ್ನು ಟಿಕೆಟ್ಟಿಗೂ ಹಾಕಿ. “ಕಾಲು ಚಾಚಿಕೊಂಡು ಹೋಗೋಣ” ಎಂದು ಬಿಸಿನೆಸ್ ದರ್ಜೆಗೆ ಒಂದು ಲಕ್ಷ ಹೆಚ್ಚು ಕೊಟ್ಟರೆ, ಹದಿನಾರು ಗಂಟೆಗೆ ಹಂಚಿದಾಗ ಗಂಟೆಗೆ 6,250 ರೂಪಾಯಿ. ಬೆನ್ನುನೋವು, ಮಂಡಿನೋವು ಇರುವ ಹಿರಿಯರಿಗೆ ಅದು ಸರಿಯಾದ ಖರ್ಚು. ಹೊತ್ತು ಹೋಗಲಿ ಎಂಬುದಕ್ಕೆ ಕೊಡುವಷ್ಟು ಹಣ ಅದಲ್ಲ.

ಬುತ್ತಿಯೊಳಗೆ ಏನಿರಲಿ

ಸಂತೆ ಹೊತ್ತಿಗೆ ಮೂರು ಮೊಳ ನೇಯ್ದರೆ ಬಟ್ಟೆ ಆಗುವುದಿಲ್ಲ. ನಿಲ್ದಾಣದ ವೈಫೈನಲ್ಲಿ ಸಿನಿಮಾ ಇಳಿಸಿಕೊಳ್ಳುತ್ತೇನೆ ಎಂದು ಹೊರಟವರ ಕಥೆಯೂ ಅಷ್ಟೇ. ಎರಡು ದಿನ ಮುಂಚೆಯೇ ಮನೆಯಲ್ಲಿ ಇಳಿಸಿಕೊಳ್ಳಿ. ಆಮೇಲೆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ ಒಂದೊಂದನ್ನೂ ತೆರೆದು ನೋಡಿ. ಇಳಿಸಿದ ಚಿತ್ರಗಳಿಗೆ ಅವಧಿ ಇರುತ್ತದೆ, ಕೆಲವು ಬೇರೆ ದೇಶಕ್ಕೆ ಹೋದ ಮೇಲೆ ತೆರೆಯುವುದಿಲ್ಲ. ವಾಪಸು ಬರುವಾಗಿನ ಬುತ್ತಿಯನ್ನು ಅಲ್ಲಿಯೇ ಹೊಸದಾಗಿ ಕಟ್ಟಬೇಕು.

ನನ್ನ ಮೆಚ್ಚಿನ ತಿನಿಸು ಪುಸ್ತಕ. ಕೈಚೀಲಕ್ಕೆ ಹಲವು ಕಂಪನಿಗಳು ಕೊಡುವುದು ಏಳು ಕಿಲೊ. ದಪ್ಪ ಕಾದಂಬರಿ ಹೊರುವುದಾಗದು. ತೇಜಸ್ವಿಯವರ ‘ಕರ್ವಾಲೊ’ದಂಥ ತೆಳು ಪುಸ್ತಕ ಒಂದಿದ್ದರೆ ಸಾಕು, ಉಳಿದವು ಫೋನಿನಲ್ಲಿರಲಿ. ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡದ ಇ-ಪುಸ್ತಕ, ಕೇಳುವ ಪುಸ್ತಕ ಎರಡೂ ಸಿಗುತ್ತವೆ. ಕನ್ನಡ ವಿಕಿಸೋರ್ಸ್‌ನಲ್ಲಿ ವಚನಗಳು, ದಾಸರ ಪದಗಳು ಉಚಿತ. ಕೇಳುವ ಪುಸ್ತಕ ಫೋನಿನಲ್ಲಿ ಜಾಗವನ್ನೂ ತಿನ್ನುವುದಿಲ್ಲ. ಹತ್ತು ಗಂಟೆಯ ಪುಸ್ತಕಕ್ಕೆ ಸುಮಾರು 300 ಎಂಬಿ ಸಾಕು. ಕಣ್ಣು ಮುಚ್ಚಿ ಕೇಳಬಹುದು, ಹಾಗೆಯೇ ನಿದ್ದೆ ಬಂದರೆ ಅದೂ ಲಾಭ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟ ಅಪ್ಪ ಅಮ್ಮಂದಿರು ‘ಅಮೆರಿಕಾದಲ್ಲಿ ಗೊರೂರು’ ಓದಬೇಕು. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಪ್ರವಾಸ ಕಥನವನ್ನು ನಾನು ಎರಡನೇ ಪ್ರಯಾಣದಲ್ಲಿ, ಆ ಕೆಟ್ಟ ಪರದೆಯ ಮುಂದೆ ಕೂತು ಓದಿ ಮುಗಿಸಿದೆ.

ಇದೆಲ್ಲ ನಡೆಯಲು ಫೋನಿನಲ್ಲಿ ಚಾರ್ಜ್ ಇರಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ದೊಡ್ಡ ಸೂಟ್‌ಕೇಸಿಗೆ ಹಾಕುವಂತಿಲ್ಲ. ಈಗ ಹಲವು ಕಂಪನಿಗಳು ಹಾರಾಟದಲ್ಲಿ ಅದರಿಂದ ಚಾರ್ಜ್ ಮಾಡುವುದನ್ನೂ ನಿಷೇಧಿಸಿವೆ. ಸೀಟಿನಲ್ಲಿರುವ ಯುಎಸ್‌ಬಿ ಕಿಂಡಿಗೆ ಹೊಂದುವ ತಂತಿಯನ್ನು ಮರೆಯಬೇಡಿ.

ಒಂದು ಎಚ್ಚರ. ಎಷ್ಟೇ ಒಳ್ಳೆಯ ಸಿನಿಮಾ ಇರಲಿ, ಒಂದೂವರೆ ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ, ನೀರು ಕುಡಿಯಿರಿ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತು ಪ್ರಯಾಣ ಮಾಡಿದವರಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದೆ. ಅಮೆರಿಕದಲ್ಲಿ ಆಸ್ಪತ್ರೆ ಸೇರಿದರೆ ಆಗುವ ಖರ್ಚಿನ ಮುಂದೆ ನಾನು ಇಲ್ಲಿ ಬರೆದ ಯಾವ ಉಳಿತಾಯವೂ ಲೆಕ್ಕಕ್ಕಿಲ್ಲ.

ನಲವತ್ತು ರೂಪಾಯಿಯ ನೋಟ್‌ಬುಕ್

2025ರ ಡಿಸೆಂಬರ್‌ನಲ್ಲಿ ಮೂರನೇ ಬಾರಿ ಹೊರಟಾಗ ಕೈಚೀಲದಲ್ಲಿ 40 ರೂಪಾಯಿಯ ಒಂದು ನೋಟ್‌ಬುಕ್ ಇತ್ತು. ಮುಂದಿನ ಪುಟದಿಂದ ನನ್ನ ಅಮ್ಮನ ಅಡುಗೆಗಳನ್ನು ಬರೆಯುತ್ತ ಹೋದೆ. ಗೊಜ್ಜು, ಬಿಸಿಬೇಳೆಬಾತಿನ ಪುಡಿ, ಬಾಣಂತಿಯ ಖಾರ, ಅಳತೆಯ ಸಮೇತ. ಹಿಂದಿನ ಪುಟದಿಂದ ನಮ್ಮ ಮನೆಯ ಹಣಕಾಸು ಬರೆದೆ. ಯಾವ ಬ್ಯಾಂಕು, ಯಾವ ಶಾಖೆ, ಠೇವಣಿ ಎಂದು ಮುಗಿಯುತ್ತದೆ, ವಿಮೆಯ ಕಾಗದ ಯಾವ ಕಪಾಟಿನಲ್ಲಿದೆ, ಮನೆಯ ಕ್ರಯಪತ್ರ ಎಲ್ಲಿದೆ, ಲಾಕರಿನ ಕೀಲಿ ಎಲ್ಲಿದೆ, ನಾಮಿನಿ ಯಾರು. ಖಾತೆಯ ಪೂರ್ತಿ ಸಂಖ್ಯೆ, ಪಿನ್, ಪಾಸ್‌ವರ್ಡ್ ಬರೆಯಲಿಲ್ಲ. ಯಾರೂ ಬರೆಯಬಾರದು.

ಬರೆಯುವಾಗ ಗೊತ್ತಾಯಿತು, ಎರಡು ಠೇವಣಿಗೆ ನಾಮಿನಿಯೇ ಇಲ್ಲ. ಬ್ಯಾಂಕಿನಲ್ಲಿ ಸಾವಿರಾರು ಜನಕ್ಕೆ ಇದನ್ನೇ ಹೇಳಿದವಳು ನಾನು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು, ಯಾರಿಗೆ ಎಷ್ಟು ಪಾಲು ಎಂದೂ ಹೇಳಬಹುದು. ಹತ್ತು ವರ್ಷ ಯಾರೂ ಕೇಳದ ಠೇವಣಿಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ವಾರಸುದಾರರು ಅದನ್ನು ಪಡೆಯಬಹುದು, ಆದರೆ ಹಣ ಇತ್ತು ಎಂಬುದೇ ಮಕ್ಕಳಿಗೆ ಗೊತ್ತಿಲ್ಲದಿದ್ದರೆ ಕೇಳುವವರು ಯಾರು?

ಮಗಳು ಆ ನೋಟ್‌ಬುಕ್ಕನ್ನು ಎರಡೂ ಕಡೆಯಿಂದ ಓದಿದಳು. “ಅಮ್ಮ, ಇಷ್ಟು ವರ್ಷ ಆಯ್ತು, ಇದನ್ನೆಲ್ಲ ನೀನು ನಂಗೆ ಹೇಳೇ ಇರ್ಲಿಲ್ಲ” ಅಂದಳು. “ಹೇಳೋಕೆ ಅಂತ ಕೂತ್ಕೊಂಡಿದ್ದೇ ಇಲ್ವಲ್ಲ ಕಣೇ” ಅಂದೆ. ನಿಜ ಅದೇ. ಗ್ಯಾಸ್ ಸಿಲಿಂಡರಿನವನು ಬಾಗಿಲು ತಟ್ಟದ, ಫೋನು ಬಾರದ, ಯಾರೂ ಕರೆಯದ ಹದಿನಾರು ಗಂಟೆ ನಮ್ಮ ಬದುಕಿನಲ್ಲಿ ಬೇರೆಲ್ಲೂ ಸಿಗುವುದಿಲ್ಲ.

ಆ ಪ್ರಯಾಣದಲ್ಲಿ ಹೋಗುವಾಗ ನಾನು ಖರ್ಚು ಮಾಡಿದ್ದು ಅಡಾಪ್ಟರ್ 180, ಇ-ಪುಸ್ತಕಗಳು 460, ಮನೆಯಲ್ಲೇ ಮಾಡಿದ ಕೋಡುಬಳೆ, ಅವಲಕ್ಕಿ ಒಗ್ಗರಣೆಗೆ 300, ನೋಟ್‌ಬುಕ್ 40. ಒಟ್ಟು 980 ರೂಪಾಯಿ. ದೂರದ ವಿಮಾನಕ್ಕೆ ಟಿಕೆಟ್ ಕಾದಿರಿಸಿದ್ದರೆ ಇವತ್ತೇ ಒಂದು ನೋಟ್‌ಬುಕ್ ಕೊಂಡು ಕೈಚೀಲಕ್ಕೆ ಹಾಕಿಡಿ. ಜೊತೆಗೆ ಒಂದು ಪೆನ್ನೂ ಇರಲಿ. ಮೊದಲ ಸಾಲಿನಲ್ಲಿ ನಿಮ್ಮ ಠೇವಣಿಗಳ ನಾಮಿನಿ ಯಾರೆಂದು ಬರೆಯಿರಿ. ಗೊತ್ತಿಲ್ಲವಾದರೆ ಹೊರಡುವ ಮುಂಚೆ ಬ್ಯಾಂಕಿಗೆ ಹೋಗಿ ಕೇಳಿಕೊಂಡು ಬನ್ನಿ.